ಮಳೆ ಬಂದ್ರೆ ಆರ್‌ಸಿಸಿಬಿ ಬೀಳುತ್ತೆ, "ತೆಗೆದು ಡೈರೆಕ್ಟ್ ಕೊಡ್ತೀನಿ" ಅಂತಾರೆ ಎಲೆಕ್ಟ್ರಿಷಿಯನ್. ಒಪ್ಪಬಹುದಾ?

ತುಂಗಾತೀರ
ತೀರ್ಥಹಳ್ಳಿ ಕಡೆ ಹಂಚಿನ ಮನೆ, ವೈರಿಂಗ್ 1998ರದ್ದು. ಸಿಂಗಲ್ ಫೇಸ್, ಮಂಜೂರಾತಿ 3 ಕಿಲೋವ್ಯಾಟ್. ಡಿಬಿಯಲ್ಲಿ (ಸ್ವಿಚ್ಚುಗಳ ಡಬ್ಬಿ) 40 ಆಂಪ್ಸ್, 30 ಮಿಲಿಆಂಪ್ಸ್ ಆರ್‌ಸಿಸಿಬಿ (ಕರೆಂಟ್ ಸೋರಿದ್ರೆ ಬೀಳೋದು), ಅದರ ಮುಂದೆ ಆರು ಸಿಂಗಲ್ ಪೋಲ್ ಎಂಸಿಬಿ (ಕರೆಂಟ್ ಅತಿಯಾದ್ರೆ ಬೀಳೋದು). ಮಳೆ ಹಿಡಿದಾಗಿನಿಂದ ಬೆಳಗ್ಗೆ ಆರರಿಂದ ಎಂಟರ ಒಳಗೆ ಬೀಳ್ತಿದೆ. ಆರೂ ಎಂಸಿಬಿ ಆಫ್ ಮಾಡಿದ್ರೂ ನಿಲ್ಲಲ್ಲ, ಮಧ್ಯಾಹ್ನ ಎತ್ತಿದ್ರೆ ಏನೂ ಆಗದ ಹಾಗೆ ನಿಲ್ಲುತ್ತೆ. ಎಲೆಕ್ಟ್ರಿಷಿಯನ್ ಎರಡು ದಾರಿ ಹೇಳಿದ್ದಾರೆ: ಒಂದೋ 100 ಮಿಲಿಆಂಪ್ಸ್‌ದು ಹಾಕೋದು, ಇಲ್ಲಾ ಅದನ್ನೇ ತೆಗೆದು ಡೈರೆಕ್ಟ್ ಕೊಡೋದು. "ಅರ್ಥಿಂಗ್ ಇದೆ, ಎಂಸಿಬಿ ಇದೆ, ಇನ್ನೇನು ಬೇಕು" ಅನ್ನೋದು ಅವರ ವಾದ. ಅರ್ಥಿಂಗ್, ಎಂಸಿಬಿ, ಆರ್‌ಸಿಸಿಬಿ ಈ ಮೂರರಲ್ಲಿ ಯಾವುದು ಏನು ಕೆಲಸ ಮಾಡುತ್ತೆ ಅಂತ ಬುಡದಿಂದ ಹೇಳೋರು ಬೇಕು.

ಪಿಂಗಾಣಿ ಫ್ಯೂಸು
ತೆಗೀಬೇಡಿ. ಬಾಕಿದ್ದನ್ನ ತಿಳಿದವರು ಹೇಳ್ತಾರೆ.

ಹಳೇಬೇರು
ಎದುರು ಮಾತು ನಂದಿರಲಿ. ಹಳ್ಳಿಗಳಲ್ಲಿ ಇವತ್ತಿಗೂ ಎಷ್ಟೋ ಮನೆಗೆ ಪಿಂಗಾಣಿ ಕಟ್‌ಔಟ್, ಅದರಲ್ಲಿ ಒಂದೆಳೆ ತಂತಿ, ಅಷ್ಟೇ. ಅರ್ಥ್ ಗುಂಡಿ ಸರಿಯಾಗಿ ತೆಗೆದು ಇದ್ದಿಲು ಉಪ್ಪು ತುಂಬಿದ್ರೆ, ಗೀಸರ್ ಬಾಡಿಗೆ ಫೇಸ್ ತಾಗಿದ ತಕ್ಷಣ ಶಾರ್ಟ್ ಆಗಿ ಎಂಸಿಬಿ ಬೀಳಲೇಬೇಕು. ಆರ್‌ಸಿಸಿಬಿ ಮಾರೋರ ಮಾತು ಕೇಳ್ಕೊಂಡು ದಿನಾ ಕತ್ತಲಲ್ಲಿ ಕೂರೋದು ಯಾಕೆ?

ಓಮ್‌ಕಾರ
@ಹಳೇಬೇರು, ಎಂಸಿಬಿ "ಬೀಳಲೇಬೇಕು" ಅಂದ್ರಲ್ಲ, ಲೆಕ್ಕ ಹಾಕಿ ನೋಡೋಣ.

ಅರ್ಥಿಂಗ್‌ಗೆ ಇರೋ ಭಾರತೀಯ ಕೋಡ್ ಐಎಸ್ 3043 ಹೇಳೋ ಸಾಮಾನ್ಯ ಅರ್ಥ್ ಅಂದ್ರೆ 2.5 ಮೀಟರ್ ಉದ್ದದ, 40 ಮಿ.ಮೀ. ಆಸುಪಾಸಿನ ಜಿಐ ಪೈಪು. ತೇವ ಇರೋ ಮಣ್ಣಿನ ರೋಧಕತೆ 100 ಓಮ್-ಮೀಟರ್ ಅಂತ ಹಿಡಿಯಿರಿ. ಅದೇ ಕೋಡ್‌ನ ಸೂತ್ರಕ್ಕೆ ಹಾಕಿದ್ರೆ ಒಂದು ಪೈಪಿಗೆ ಸುಮಾರು 35 ಓಮ್ ಬರುತ್ತೆ. ಇದ್ದಿಲು ಉಪ್ಪು ಹಾಕಿದ್ರೆ ಒಂದಿಷ್ಟು ಇಳಿಯುತ್ತೆ, 1 ಓಮ್ ಏನೂ ಆಗಲ್ಲ. ಟ್ರಾನ್ಸ್‌ಫಾರ್ಮರ್ ಕಡೆ ನ್ಯೂಟ್ರಲ್ ಅರ್ಥ್ 2 ಓಮ್ ಅನ್ನೋಣ.

ಈಗ ಗೀಸರ್ ಬಾಡಿಗೆ ಫೇಸ್ ತಾಗ್ತು. ಕರೆಂಟ್ ನಿಮ್ಮ ಪೈಪಿನಿಂದ ಮಣ್ಣಿಗಿಳಿದು ಟ್ರಾನ್ಸ್‌ಫಾರ್ಮರ್‌ಗೆ ವಾಪಸ್ ಹೋಗಬೇಕು. 230 ಭಾಗಿಸು 37, ಅಂದ್ರೆ 6.2 ಆಂಪ್ಸ್. 16 ಆಂಪ್ಸ್ ಎಂಸಿಬಿಗೆ ಇದು ಇಸ್ತ್ರಿ ಪೆಟ್ಟಿಗೆಯಷ್ಟು ಲೋಡು. 6 ಆಂಪ್ಸ್ ಎಂಸಿಬಿ ಕೂಡ ಬೀಳಲ್ಲ, ಯಾಕಂದ್ರೆ ರೇಟಿಂಗಿನ 1.13 ಪಟ್ಟಿನವರೆಗೆ ಒಂದು ಗಂಟೆ ಬೀಳಕೂಡದು ಅಂತಲೇ ಅದರ ಮಾನದಂಡ. ಅಷ್ಟು ಹೊತ್ತೂ ಗೀಸರ್ ಮೈಮೇಲೆ ಇರೋದು 230 × 35 ÷ 37, ಅಂದ್ರೆ 217 ವೋಲ್ಟ್. ಅರ್ಥಿಂಗೂ ಇದೆ, ಎಂಸಿಬಿನೂ ಇದೆ, ಮುಟ್ಟಿದವನು ಹೋದ.

ಸಿ ಕರ್ವಿನ 16 ಆಂಪ್ಸ್ ಎಂಸಿಬಿ ಕಣ್ಣು ಮಿಟುಕಿಸೋದ್ರೊಳಗೆ ಖಂಡಿತ ಬೀಳಬೇಕಾದ್ರೆ ಹತ್ತು ಪಟ್ಟು, 160 ಆಂಪ್ಸ್ ಹರೀಬೇಕು. ಅದಕ್ಕೆ ಇಡೀ ಸುತ್ತು 1.4 ಓಮ್ ಒಳಗಿರಬೇಕು. ಹಳ್ಳಿ ಮನೆಯ ಒಂಟಿ ಪೈಪಿನಲ್ಲಿ ಅದು ಆಗದ ಮಾತು. ಎಂಸಿಬಿ ಇರೋದು ವೈರನ್ನ ಸುಡದ ಹಾಗೆ ಕಾಯೋಕೆ. ಅದಕ್ಕೆ ನಮ್ಮ ಗುರುತು ಪರಿಚಯ ಇಲ್ಲ.

ಆರ್‌ಸಿಸಿಬಿ ಒಳಗೆ ಫೇಸು, ನ್ಯೂಟ್ರಲ್ ಎರಡೂ ಒಂದೇ ಕಬ್ಬಿಣದ ಬಳೆಯೊಳಗೆ ಹಾದು ಹೋಗ್ತವೆ. ಹೋದಷ್ಟೇ ವಾಪಸ್ ಬಂದ್ರೆ ಬಳೆಯಲ್ಲಿ ಕಾಂತತೆ ಸೊನ್ನೆ. ಮಣ್ಣಿಗೋ ಮನುಷ್ಯನಿಗೋ ಸೋರಿದ್ರೆ ವ್ಯತ್ಯಾಸ ಬರುತ್ತೆ, ರಿಲೇ ಎಳೆಯುತ್ತೆ. 30 ಮಿಲಿಆಂಪ್ಸ್‌ದು 15ರಿಂದ 30ರ ನಡುವೆ ಎಲ್ಲಾದ್ರೂ ಬೀಳಬಹುದು. 30ಕ್ಕೆ 300 ಮಿಲಿಸೆಕೆಂಡ್ ಒಳಗೆ, ಅದರ ಐದು ಪಟ್ಟಿಗೆ 40 ಮಿಲಿಸೆಕೆಂಡ್ ಒಳಗೆ ಬೀಳಲೇಬೇಕು. ಇದು ಇದ್ರೆ 35 ಓಮ್ ಅರ್ಥ್ ಕೂಡ ಧಾರಾಳವಾಗಿ ಸಾಕು. ಬಾಡಿ 50 ವೋಲ್ಟ್ ದಾಟದ ಹಾಗೆ ನೋಡ್ಕೊಳ್ಳೋಕೆ ಲೆಕ್ಕದ ಪ್ರಕಾರ 1,600 ಓಮ್‌ವರೆಗೂ ನಡೆಯುತ್ತೆ.

ಕಡಲತಡಿ
ಓಮ್‌ಕಾರರು ಹೇಳಿದ್ದು ಸರಿ ಉಂಟು ಮಾರಾಯ್ರೆ, ಆದ್ರೆ ನಮ್ಮ ಮುರಕಲ್ಲಿಗೆ 100 ಓಮ್-ಮೀಟರ್ ಅಂದ್ರೆ ಉದಾರವಾಯ್ತು. ಏಪ್ರಿಲ್‌ನಲ್ಲಿ ಒಣಗಿದಾಗ ಅದರ ಎಷ್ಟೋ ಪಟ್ಟು ಏರ್ತದೆ. ಮಳೆಗಾಲದಲ್ಲಿ ಅಳೆದು "ಒಳ್ಳೇದುಂಟು" ಅಂತ ಬರೆದುಕೊಟ್ಟು ಹೋಗುವವರೇ ಜಾಸ್ತಿ.

ಎರೆಭೂಮಿ
ನಮ್ಮ ಕಡೆ ಎರಿ ಮಣ್ಣಾಗ ಒಂದ ಪೈಪಿಗೇ ನಾಕೈದು ಓಮ್ ಬರ್ತೈತ್ರಿ, ಅದು ಖರೇ. ಆದ್ರ ಬ್ಯಾಸಗಿ ಬಂತಂದ್ರ ಭೂಮಿ ಬಿರುಕ ಬಿಡ್ತೈತಿ, ಪೈಪಿಗೂ ಮಣ್ಣಿಗೂ ಸಂಬಂಧನ ಕಡದ ಹೋಗ್ತೈತಿ. ಮ್ಯಾಲಿಂದ ಉಪ್ಪು ಹಾಕಿ ಹಾಕಿ ಜಿಐ ಪೈಪ್ ತಿಂದ ಹಾಕಿರ್ತಾರ. ಕ್ಲ್ಯಾಂಪ್ ತಗದ ನೋಡ್ರಿ, ಅರ್ಧಕ್ಕರ್ಧ ಕಡೆ ತುಕ್ಕಷ್ಟ ಉಳದಿರ್ತದ. ಉಪ್ಪಿನ ಬದಲಿ ಬೆಂಟೋನೈಟ್ ಹಾಕ್ಸೂದು ಚಲೋ, ತೇವ ಹಿಡಕೊಂತದ, ಲೋಹಾ ತಿನ್ನೂದಿಲ್ಲ.

ಹಳೇಬೇರು
ಸರಿ, ಎರಡು ಗುಂಡಿ ತೆಗೆದು ಸೇರಿಸಿದ್ರೆ ಅರ್ಧ ಆಗುತ್ತಲ್ಲ?

ಓಮ್‌ಕಾರ
ಎರಡರ ನಡುವೆ ಪೈಪಿನ ಉದ್ದದ ಎರಡು ಪಟ್ಟು, ಅಂದ್ರೆ 5 ಮೀಟರ್ ದೂರ ಇದ್ರೆ ಹೆಚ್ಚುಕಮ್ಮಿ ಅರ್ಧ. ಅಕ್ಕಪಕ್ಕ ಹಾಕಿದ್ರೆ ಎರಡನೇದು ದಂಡ. ಅರ್ಧ ಆಯ್ತು ಅಂತಲೇ ಇಟ್ಕೊಳ್ಳಿ, 17 ಓಮ್. 230 ÷ 19 = 12 ಆಂಪ್ಸ್. ಗೀಸರ್‌ನ ಎಂಸಿಬಿ ಈಗಲೂ ಮಿಸುಕಲ್ಲ.

ಮೆಗ್ಗರ್ ಮಾಮ
ಎಲ್ಲರೂ ತತ್ವ ಹೇಳ್ತಿದ್ದೀರಿ, ಅವರ ಮನೆಯಲ್ಲಿ ಆಗ್ತಿರೋದೇನು ಅಂತ ಯಾರೂ ನೋಡ್ಲಿಲ್ಲ.

@ತುಂಗಾತೀರ, ಎಂಸಿಬಿ ಎಲ್ಲಾ ಆಫ್ ಮಾಡಿದ್ರೂ ಬೀಳುತ್ತೆ ಅಂದ್ರಲ್ಲ, ಅಲ್ಲೇ ಇದೆ ಸುಳಿವು. ಸಿಂಗಲ್ ಪೋಲ್ ಎಂಸಿಬಿ ಕಡಿಯೋದು ಫೇಸ್ ಮಾತ್ರ. ಆರೂ ನ್ಯೂಟ್ರಲ್ ಬಾರ್‌ನಲ್ಲಿ ಕೂತೇ ಇರ್ತವೆ, ಆರ್‌ಸಿಸಿಬಿಗೆ ತಗುಲಿಕೊಂಡೇ ಇರ್ತವೆ. ಅವುಗಳಲ್ಲಿ ಒಂದು ಎಲ್ಲೋ ಒದ್ದೆ ಗೋಡೆಗೋ ಅರ್ಥ್ ವೈರಿಗೋ ತಾಗಿದೆ. ನ್ಯೂಟ್ರಲ್‌ನಲ್ಲಿ ವೋಲ್ಟೇಜೇ ಇರಲ್ಲ ಅಂತ ತಿಳಿಯಬೇಡಿ. ಟ್ರಾನ್ಸ್‌ಫಾರ್ಮರ್ ಹತ್ರ ಸೊನ್ನೆ ಇದ್ರೂ, ಲೈನ್ ಉದ್ದಕ್ಕೆ ಬರೋ ಡ್ರಾಪ್‌ನಿಂದ ನಿಮ್ಮ ಕಂಬದಲ್ಲಿ ಎರಡು, ನಾಲ್ಕು ವೋಲ್ಟ್ ಇರುತ್ತೆ. ಬೆಳಗ್ಗೆ ಊರಿನ ಗೀಸರ್, ಪಂಪು ಎಲ್ಲ ಒಟ್ಟಿಗೆ ಎಳೆಯೋವಾಗ ಅದು ಏರುತ್ತೆ. ಅದಕ್ಕೇ ಆರರಿಂದ ಎಂಟು.

ಹುಡುಕೋ ಕ್ರಮ ಹೀಗೆ. ಮೊದಲು ಮೇನ್ ಆಫ್ ಮಾಡಿ, ಆರ್‌ಸಿಸಿಬಿ ಮೇಲಿನ ಎರಡೂ ತುದಿಯಲ್ಲಿ ಸಪ್ಲೈ ಇಲ್ಲ ಅಂತ ಮಲ್ಟಿಮೀಟರ್‌ನಲ್ಲಿ ಅರ್ಥ್‌ಗೆ ಇಟ್ಟು ನೋಡಿ. ಕೆಳಗಿನ ಎರಡೂ ವೈರ್ ಬಿಚ್ಚಿ, ಮೇನ್ ಹಾಕಿ, ಆರ್‌ಸಿಸಿಬಿ ಎತ್ತಿ. ಏನೂ ಜೋಡಿಸದೆಯೂ ಬಿದ್ರೆ ಅದೇ ಕೆಟ್ಟಿದೆ. ನಿಂತ್ರೆ ಆರ್‌ಸಿಸಿಬಿ ನಿರಪರಾಧಿ. ಮತ್ತೆ ಮೇನ್ ಆಫ್. ಎಲ್ಲಾ ನ್ಯೂಟ್ರಲ್ ಬಾರ್‌ನಿಂದ ಬಿಚ್ಚಿ ಒಂದೊಂದಕ್ಕೂ ಚೀಟಿ ಅಂಟಿಸಿ, ಪ್ಲಗ್‌ಗೆ ಸಿಕ್ಕಿಸಿದ್ದೆಲ್ಲ ಕಿತ್ತಿಡಿ. 500 ವೋಲ್ಟ್ ಮೆಗ್ಗರ್ (ಇನ್ಸುಲೇಶನ್ ಅಳೆಯೋ ಮೀಟರ್) ತಗೊಂಡು ಒಂದು ತುದಿ ಅರ್ಥ್ ಬಾರ್‌ಗೆ, ಇನ್ನೊಂದು ಒಂದೊಂದೇ ನ್ಯೂಟ್ರಲ್‌ಗೆ. 1 ಮೆಗಾಓಮ್ ಮೇಲೆ ಇದ್ರೆ ಸರಿ. ಎಲ್‌ಇಡಿ ಬಲ್ಬ್, ಫ್ಯಾನ್ ಬಿಚ್ಚೋಕೆ ಆಗದಿದ್ರೆ ಆ ಸರ್ಕ್ಯೂಟಿನ ಫೇಸ್ ನ್ಯೂಟ್ರಲ್ ಎರಡನ್ನೂ ಸೇರಿಸಿ ಹಿಡಿದು ಅರ್ಥ್‌ಗೆ ಅಳೆಯಿರಿ. ಫೇಸ್-ನ್ಯೂಟ್ರಲ್ ನಡುವೆ ಮೆಗ್ಗರ್ ಹೊಡೆದ್ರೆ ಬಲ್ಬಿನ ಡ್ರೈವರ್ ಸತ್ತೋಗುತ್ತೆ.

ಮೆಗ್ಗರ್ ಇಲ್ದಿದ್ರೆ ಒಂದೊಂದೇ ನ್ಯೂಟ್ರಲ್ ವಾಪಸ್ ಹಾಕ್ತಾ ಆರ್‌ಸಿಸಿಬಿ ಎತ್ತಿ ನೋಡೋದು. ಪ್ರತಿ ಸಲ ವೈರ್ ಮುಟ್ಟೋ ಮುಂಚೆ ಮೇನ್ ಆಫ್, ಎಂಸಿಬಿಗಳೂ ಆಫ್. ಇದನ್ನ ಬೆಳಗ್ಗೆ ಮಳೆ ಹಿಡಿದಾಗಲೇ ಮಾಡಿ. ಮಧ್ಯಾಹ್ನ ಒಣಗಿದ ಮೇಲೆ ಎಲ್ಲವೂ ಒಳ್ಳೇ ಹುಡುಗರ ಹಾಗೆ ಕೂತಿರ್ತವೆ. ಮತ್ತೆ ಇದು ವೈರ್‌ಮನ್ ಪರವಾನಗಿ ಇರೋರ ಕೆಲಸ. ಪಕ್ಕ ನಿಂತು ಮಾಡಿಸಿ, ಮೀಟರ್ ಸೀಲ್ ಕಡೆ ಕೈ ಹಾಕಬೇಡಿ.

ಸೈನ್‌ವೇವ್
ಮನೇಲಿ ಇನ್ವರ್ಟರ್ ಇದ್ಯಾ? ಮೆಗ್ಗರ್ ಮಾಮ ಅದನ್ನ ಬಿಟ್ರು. ಇನ್ವರ್ಟರ್‌ಗೆ ಹೋಗೋ ಫೇಸನ್ನ ಆರ್‌ಸಿಸಿಬಿಗಿಂತ ಮುಂಚೆ ತೆಗೆದು, ಆ ಲೈಟುಗಳ ನ್ಯೂಟ್ರಲ್ಲನ್ನ ಆರ್‌ಸಿಸಿಬಿ ಆಚೆ ಇರೋ ಬಾರ್‌ಗೆ ಸೇರಿಸಿರ್ತಾರೆ. ಆಗ ಹೋಗೋ ಕರೆಂಟು ಬಳೆಯ ಹೊರಗೆ, ಬರೋದು ಮಾತ್ರ ಬಳೆಯ ಒಳಗೆ. ಎರಡು ಟ್ಯೂಬ್‌ಲೈಟ್ ಹಾಕಿದ್ರೂ ಬೀಳುತ್ತೆ. ಇದಕ್ಕೆ ಸೋರಿಕೆಯೇ ಬೇಕಿಲ್ಲ. "ಇನ್ವರ್ಟರ್ ಹಾಕಿದ್ಮೇಲೆ ಆರ್‌ಸಿಸಿಬಿ ಹಾಳಾಯ್ತು" ಅನ್ನೋ ದೂರಿನಲ್ಲಿ ಬಹುಪಾಲು ಇದೇ. ಇನ್ವರ್ಟರ್ ಲೈಟುಗಳ ನ್ಯೂಟ್ರಲ್ ಬಾರ್ ಬೇರೆ ಇರಬೇಕು, ಅದರ ಫೇಸು ಯಾವ ಕಡೆಯಿಂದ ಬಂತೋ ನ್ಯೂಟ್ರಲ್ಲೂ ಅದೇ ಕಡೆಯಿಂದ ಬರಬೇಕು.

ತುಂಗಾತೀರ
ಇನ್ವರ್ಟರ್ ಇಲ್ಲ. ಬೆಳಗ್ಗೆ ಮೆಗ್ಗರ್ ತರೋರು ಸಿಕ್ಕಿದ್ದಾರೆ, ನೋಡಿ ಹೇಳ್ತೀನಿ.

ಕೊಪ್ಪದ ಕಾಫಿ
ಅಲ್ಲ, ತೀರ್ಥಹಳ್ಳಿ ಕಡೆ ಬೆಳಗ್ಗೆ ಗೀಸರ್ ಲೋಡಾ? ಬಚ್ಚಲೊಲೆ, ಹಂಡೆ ಎಲ್ಲ ಎಲ್ಲಿ ಹೋದ್ವು?

ಪಿಂಗಾಣಿ ಫ್ಯೂಸು
200 ಯೂನಿಟ್ ಫ್ರೀ ಆದ್ಮೇಲೆ ಸೌದೆ ಒಡೆಯೋರು ಯಾರು ಸ್ವಾಮಿ.

ಅಟ್ಲಾಂಟಾ ಕನ್ನಡಿಗ
ಇಲ್ಲಿ ಬಚ್ಚಲು, ಅಡುಗೆಮನೆ ಸಾಕೆಟ್‌ಗಳಲ್ಲಿ ಬರೋ ಜಿಎಫ್‌ಸಿಐ (ಅಮೆರಿಕದ ಆರ್‌ಸಿಸಿಬಿ ಅನ್ನಿ) 4ರಿಂದ 6 ಮಿಲಿಆಂಪ್ಸ್‌ಗೇ ಬೀಳುತ್ತೆ. ನಮ್ಮಲ್ಲಿ 30 ಯಾಕೆ? ಮನುಷ್ಯನಿಗೆ 10 ಮಿಲಿಆಂಪ್ಸ್‌ಗೇ ಹಿಡಿದ ಕೈ ಬಿಡೋಕಾಗಲ್ಲ ಅಂತಾರಲ್ಲ.

ಓಮ್‌ಕಾರ
ಅಲ್ಲಿ ಅದು ಒಂದು ಸಾಕೆಟ್ ಅಥವಾ ಒಂದು ಸರ್ಕ್ಯೂಟ್ ಕಾಯುತ್ತೆ, ಇಲ್ಲಿ ಇಡೀ ಮನೆ. ಕಂಪ್ಯೂಟರ್, ವಾಷಿಂಗ್ ಮಷೀನ್, ಇಂಡಕ್ಷನ್ ಒಲೆ ಎಲ್ಲದರಲ್ಲೂ ಫಿಲ್ಟರ್ ಕೆಪಾಸಿಟರ್ ಇದೆ. ಪ್ರತಿಯೊಂದೂ ಚೆನ್ನಾಗಿರುವಾಗಲೇ ಅರ್ಧ, ಒಂದು ಮಿಲಿಆಂಪ್ಸ್ ಅರ್ಥ್‌ಗೆ ಸೋರಿಸುತ್ತೆ. 5ಕ್ಕೆ ಇಟ್ರೆ ಮನೆ ನಡೆಯಲ್ಲ. 30 ಅನ್ನೋದು ಕೈ ಬಿಡಿಸೋಕೆ ಅಲ್ಲ, ಹೃದಯದ ಬಡಿತ ಕೆಡೋ ಮುಂಚೆ ಕಡಿಯೋಕೆ. ಶಾಕ್ ಹೊಡೆದೇ ಹೊಡೆಯುತ್ತೆ, ಆದ್ರೆ ಜೀವ ಉಳಿಯುತ್ತೆ. ಅದೂ ಅರ್ಥ್‌ಗೆ ಹೋಗೋ ಶಾಕ್ ಆದ್ರೆ ಮಾತ್ರ. ಒಂದು ಕೈ ಫೇಸ್, ಒಂದು ಕೈ ನ್ಯೂಟ್ರಲ್ ಹಿಡಿದು ಮರದ ಕುರ್ಚಿ ಮೇಲೆ ನಿಂತವನು ಆರ್‌ಸಿಸಿಬಿ ಕಣ್ಣಿಗೆ ಇನ್ನೊಂದು ಬಲ್ಬು.

100 ಮಿಲಿಆಂಪ್ಸ್ ಪ್ರಶ್ನೆಗೂ ಇದೇ ಉತ್ತರ. ಅದು ಬೆಂಕಿ ತಡೆಗೆ, ಇಡೀ ಕಟ್ಟಡದ ಮೇನ್‌ಗೆ, ಎಸ್ ಟೈಪಿನದ್ದಾದ್ರೆ ಕೆಳಗಿನ 30ರದ್ದು ಮೊದಲು ಬೀಳೋ ಹಾಗೆ ತಡ ಇಟ್ಟು. ಮನುಷ್ಯರನ್ನ ಕಾಯೋಕೆ ಅಲ್ಲ. ಕೇಂದ್ರ ವಿದ್ಯುತ್ ಪ್ರಾಧಿಕಾರದ 2023ರ ಸುರಕ್ಷತಾ ನಿಯಮವೂ ಗೃಹ ಸಂಪರ್ಕಕ್ಕೆ 30 ಮೀರಕೂಡದು ಅನ್ನುತ್ತೆ.

ಎರೆಭೂಮಿ
ಬೋರ್‌ವೆಲ್ ಮೋಟರಿಗೆ 30 ಹಾಕಿದ್ರ ನಿಲ್ಲೂದಿಲ್ರಿ. ನೂರು ಮೀಟರ್ ಕೇಬಲ್ ನೀರಾಗ ಇರ್ತದ, ಜಾಯಿಂಟ್ ಬ್ಯಾರೆ. ಅಲ್ಲಿ 100 ಇಲ್ಲಾ 300ರದ್ದು ಹಾಕಿ ಸ್ಟಾರ್ಟರ್ ಡಬ್ಬಿಗೆ ಬ್ಯಾರೆ ಅರ್ಥ್ ಕೊಡೂದ ರೂಢಿ. ಒದ್ದಿ ಕೈಲೆ ತಗಡಿನ ಸ್ಟಾರ್ಟರ್ ಒತ್ತೂದು ನಿಂತ್ರ ಎಷ್ಟೋ ಜೀವ ಉಳೀತಾವ.

ಹೊಸ ವೈರು
ನಡುವೆ ಒಂದು ಸಣ್ಣ ಪ್ರಶ್ನೆ. ಲ್ಯಾಪ್‌ಟಾಪ್ ಚಾರ್ಜಿಗೆ ಹಾಕಿದಾಗ ಮೆಟಲ್ ಮೈ ಮುಟ್ಟಿದ್ರೆ ಜುಮ್ ಅನ್ನುತ್ತೆ, ಅದೂ ಇದೇ ಸೋರಿಕೆನಾ?

ಸೈನ್‌ವೇವ್
ಎರಡು ಪಿನ್ ಅಡಾಪ್ಟರ್ ಇರಬೇಕು. ಒಳಗಿನ ಕೆಪಾಸಿಟರ್ ಮೂಲಕ ಬಾಡಿ ಮೇಲೆ ಸುಮಾರು ಅರ್ಧ ವೋಲ್ಟೇಜ್ ತೇಲ್ತಾ ಇರುತ್ತೆ, ಆದ್ರೆ ಹರಿಯೋದು ಮಿಲಿಆಂಪ್‌ನ ಒಂದು ಚೂರು. ಅಪಾಯ ಇಲ್ಲ. ಮೂರು ಪಿನ್ ಕೇಬಲ್ ಸಿಗೋ ಅಡಾಪ್ಟರ್ ಆದ್ರೆ ಅದನ್ನ ಹಾಕಿ, ಜುಮ್ ನಿಲ್ಲುತ್ತೆ. ಮೂರು ಪಿನ್ ಹಾಕಿಯೂ ಜುಮ್ ಅಂದ್ರೆ ಆ ಸಾಕೆಟ್‌ಗೆ ಅರ್ಥ್ ಇಲ್ಲ.

ಹೊಸ ವೈರು
ಅರ್ಥ್ ಇಲ್ಲದ ಹಳೇ ಸಾಕೆಟ್‌ಗೆ ನಮ್ಮ ಕಡೆ ನ್ಯೂಟ್ರಲ್‌ನಿಂದಲೇ ಒಂದು ತುಂಡು ವೈರ್ ಅರ್ಥ್ ಪಿನ್ನಿಗೆ ಹಾಕಿ ಕೊಡ್ತಾರೆ. ಟೆಸ್ಟರ್‌ನಲ್ಲೂ ಸರಿ ಕಾಣುತ್ತೆ.

ಓಮ್‌ಕಾರ
ಅದನ್ನ ಇವತ್ತೇ ಕಿತ್ತಾಕಿ. ಆ ಸಾಕೆಟ್‌ಗೆ ಬರೋ ನ್ಯೂಟ್ರಲ್ ಎಲ್ಲಾದ್ರೂ ಕಡಿದುಹೋದ್ರೆ ಫೇಸು ಫ್ರಿಜ್ ಒಳಗಿನಿಂದ ಹಾದು ನ್ಯೂಟ್ರಲ್ ಪಿನ್ನಿಗೆ ಬರುತ್ತೆ, ನಿಮ್ಮ ತುಂಡು ವೈರ್ ಅದನ್ನ ಫ್ರಿಜ್ ಬಾಡಿಗೆ ಕೊಡುತ್ತೆ. ಫ್ರಿಜ್ ಓಡ್ತಾ ಇಲ್ಲ, ಲೈಟ್ ಇಲ್ಲ, ಕರೆಂಟ್ ಹೋಗಿದೆ ಅಂದ್ಕೊಂಡು ಬಾಗಿಲು ಹಿಡೀತೀರಿ, ಪೂರ್ತಿ 230. ಫೇಸ್ ನ್ಯೂಟ್ರಲ್ ಅದಲುಬದಲಾದ್ರಂತೂ ಕಡಿಯೋದೂ ಬೇಡ, ಹಾಕಿದ ಕ್ಷಣದಿಂದಲೇ ಬಾಡಿಗೆ ಫೇಸು. ಅರ್ಥ್ ಇಲ್ಲದೇ ಇರೋದು ಇದಕ್ಕಿಂತ ಸಾವಿರ ಪಾಲು ಮೇಲು.

ಹಳೇಬೇರು
ಇದನ್ನ ಮಾತ್ರ ನಾನೂ ಒಪ್ತೀನಿ. ಮಲೆನಾಡಲ್ಲಿ ಮರ ಬಿದ್ದು ಕಂಬದ ನ್ಯೂಟ್ರಲ್ ಕಡಿಯೋದು ಮಳೆಗಾಲದ ಮಾಮೂಲು ಸಂಗತಿ. ಆಗ ಒಂದು ಫೇಸಿನ ಮನೆಗಳು, ಇನ್ನೊಂದು ಫೇಸಿನ ಮನೆಗಳು 400 ವೋಲ್ಟಿಗೆ ಸರಣಿಯಲ್ಲಿ ಕೂತ ಹಾಗೆ. ಲೋಡ್ ಕಮ್ಮಿ ಇರೋ ಕಡೆ ವೋಲ್ಟೇಜ್ 300 ದಾಟಿ ಟಿವಿ ಫ್ರಿಜ್ ಎಲ್ಲ ಹೊಗೆ. ಬಲ್ಬು ಇದ್ದಕ್ಕಿದ್ದಂತೆ ಜಾಸ್ತಿ ಉರಿದ್ರೆ ಯೋಚನೆ ಮಾಡಬೇಡಿ, ಮೊದಲು ಮೇನ್ ಆಫ್, ಆಮೇಲೆ ವಿದ್ಯುತ್ ಸಹಾಯವಾಣಿ 1912ಕ್ಕೆ ಫೋನ್.

ಮೆಗ್ಗರ್ ಮಾಮ
ಆಗ ಎಂಸಿಬಿನೂ ಬೀಳಲ್ಲ, ಆರ್‌ಸಿಸಿಬಿನೂ ಬೀಳಲ್ಲ ಅನ್ನೋದು ನೆನಪಿರಲಿ. ಇದಕ್ಕೆ ಓವರ್ ವೋಲ್ಟೇಜ್ ಕಟ್‌ಆಫ್ ಅಂತ ಬೇರೆಯೇ ಡಿವೈಸ್ ಬರುತ್ತೆ.

ಟೆಸ್ಟರ್ ಬಗ್ಗೆ ಒಂದು ಮಾತು. ನಿಯಾನ್ ಟೆಸ್ಟರ್ ಉರೀತು ಅಂದ್ರೆ ಏನೋ ವೋಲ್ಟೇಜ್ ಇದೆ ಅಂತ ಅಷ್ಟೇ. ಉರೀಲಿಲ್ಲ ಅಂದ್ರೆ ಸುರಕ್ಷಿತ ಅಂತ ಅಲ್ಲ, ಬಿಸಿಲಲ್ಲಿ ಕಾಣದೇ ಇರಬಹುದು, ರಬ್ಬರ್ ಚಪ್ಪಲಿ ಹಾಕಿರಬಹುದು. ಅರ್ಥ್ ಇದೆಯೋ ಇಲ್ವೋ ಅಂತ ಅದು ಯಾವತ್ತೂ ಹೇಳಲ್ಲ.

ಪಿಂಗಾಣಿ ಫ್ಯೂಸು
100 ವ್ಯಾಟ್ ಬಲ್ಬನ್ನ ಫೇಸಿಗೂ ಅರ್ಥ್‌ಗೂ ಹಿಡಿದು ನೋಡೋದು ಹಳೇ ವಿದ್ಯೆ. ಚೆನ್ನಾಗಿ ಉರಿದ್ರೆ ಅರ್ಥ್ ಚೆನ್ನಾಗಿದೆ.

ಮೆಗ್ಗರ್ ಮಾಮ
ಆರ್‌ಸಿಸಿಬಿ ಇದ್ರೆ ಉರಿಯೋ ಮುಂಚೆ ಬೀಳುತ್ತೆ. ಇಲ್ಲದಿದ್ರೆ, ಅರ್ಥ್ ಕೆಟ್ಟಿದ್ದಾಗ ನೀವು ಬಲ್ಬ್ ಮೂಲಕ ಮನೆಯ ಎಲ್ಲಾ ಲೋಹದ ಬಾಡಿಗೂ ವೋಲ್ಟೇಜ್ ಕೊಟ್ಟ ಹಾಗೆ. ಆ ಹೊತ್ತಿಗೆ ಯಾರಾದ್ರೂ ಗೀಸರ್‌ನ ನಲ್ಲಿ ಹಿಡಿದಿದ್ರೆ? ಹಳೇ ವಿದ್ಯೆಗಳೆಲ್ಲ ಉಳಿಸಬೇಕು ಅಂತ ಏನಿಲ್ಲ.

ಹೊಸ ವೈರು
ಆರ್‌ಸಿಸಿಬಿಯಲ್ಲಿ ಟಿ ಬಟನ್ ಒತ್ತಿದ್ರೆ ಬೀಳುತ್ತಲ್ಲ, ಅದ್ರಿಂದ ಅರ್ಥ್ ಸರಿ ಇದೆ ಅಂತ ಗೊತ್ತಾಗಲ್ವಾ?

ಓಮ್‌ಕಾರ
ಇಲ್ಲ. ಆ ಬಟನ್ ಬಳೆಯ ಒಂದು ಕಡೆಯ ಫೇಸಿನಿಂದ ಇನ್ನೊಂದು ಕಡೆಯ ನ್ಯೂಟ್ರಲ್‌ಗೆ ಒಂದು ರೆಸಿಸ್ಟರ್ ಹಾಕುತ್ತೆ ಅಷ್ಟೇ. ಅರ್ಥ್ ವೈರೇ ಇಲ್ಲದ ಮನೆಯಲ್ಲೂ ಬೀಳುತ್ತೆ. ಯಂತ್ರ ಜಾಮ್ ಆಗಿಲ್ಲ ಅನ್ನೋದಕ್ಕೆ ತಿಂಗಳಿಗೊಮ್ಮೆ ಒತ್ತಿ. ಟಿ ಬಟನ್ ಇಲ್ಲದ, ನೋಡೋಕೆ ಹಾಗೇ ಇರೋ ಎರಡು ಪೋಲಿನ ಐಸೋಲೇಟರ್ ಇದ್ರೆ ಅದು ಬರೀ ಸ್ವಿಚ್ಚು. ಎಷ್ಟೋ ಮನೆಯಲ್ಲಿ ಅದನ್ನೇ ಆರ್‌ಸಿಸಿಬಿ ಅಂತ ನಂಬಿ ಕೂತಿದ್ದಾರೆ.

ಹೊಸದು ತಗೊಳ್ಳೋರು ಎಸಿ ಟೈಪ್ ಬಿಟ್ಟು ಎ ಟೈಪ್ ತಗೊಳ್ಳಿ. ಇನ್ವರ್ಟರ್ ವಾಷಿಂಗ್ ಮಷೀನ್, ಎಲ್‌ಇಡಿ ಡ್ರೈವರ್ ಕೆಟ್ಟಾಗ ಸೋರೋ ಕರೆಂಟ್ ನೆಟ್ಟಗಿನ ಅಲೆ ಅಲ್ಲ, ತುಂಡು ತುಂಡು ಡಿಸಿ. ಎಸಿ ಟೈಪ್ ಅದಕ್ಕೆ ಕುರುಡು. ಡಬ್ಬಿ ಮೇಲೆ ಅಲೆಯ ಚಿತ್ರ ಒಂದೇ ಇದ್ರೆ ಎಸಿ, ಅದರ ಕೆಳಗೆ ಅರ್ಧ ಅಲೆಗಳೂ ಇದ್ರೆ ಎ.

ಕೊಪ್ಪದ ಕಾಫಿ
ಮೈಸೂರು ಸಂಸ್ಥಾನದವರು 1902ರಲ್ಲೇ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟ್ ಕಳಿಸಿದ್ರು, 1905ಕ್ಕೆ ಬೆಂಗಳೂರಿಗೆ ಬೀದಿ ದೀಪ ಬಂತು. ಇಷ್ಟು ವರ್ಷ ಆದ್ರೂ ನಾವು ಅರ್ಥಿಂಗ್ ಬೇಕಾ ಬೇಡ್ವಾ ಅಂತ ಜಗಳ.

ಸೈನ್‌ವೇವ್
ಅದೂ ಆಗ 25 ಹರ್ಟ್ಜ್. 50 ಆಮೇಲೆ ಬಂದಿದ್ದು. ವಿಷಯಾಂತರ ಆಯ್ತು, ಹೋಗ್ಲಿ.

ಗೀಸರ್ ಗಿರಾಕಿ
ವಿಷಯಾಂತರ ಹೇಗೂ ಆಗಿದೆ. 1998ರ ಮನೆ ಅಂದ್ರೆ 3/20 ವೈರ್ ಇರುತ್ತೆ. ಅದಕ್ಕೆ 3 ಕಿಲೋವ್ಯಾಟ್ ಗೀಸರ್ ನಡೆಯುತ್ತಾ?

ಮೆಗ್ಗರ್ ಮಾಮ
3/20 ಅಂದ್ರೆ 20 ಗೇಜಿನ ಮೂರು ಎಳೆ, ಹತ್ತಿರ ಹತ್ತಿರ 2 ಚದರ ಮಿ.ಮೀ. 7/20 ಅಂದ್ರೆ 4.6. ಗೀಸರ್ 3000 ÷ 230 = 13 ಆಂಪ್ಸ್. ವೈರ್ ಹೇಗೋ ತಡೆಯುತ್ತೆ, ಕೆಡೋದು ಜಾಯಿಂಟು. ಸಾಕೆಟ್ ತಿರುಪು ಸಡಿಲ ಆಗಿ ಅಲ್ಲಿ 0.1 ಓಮ್ ಬಂತು ಅನ್ನಿ. 13 × 13 × 0.1, ಅಂದ್ರೆ 17 ವ್ಯಾಟ್ ಬಿಸಿ, ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯೊಳಗೆ. ಎಂಸಿಬಿಗೆ 13 ಆಂಪ್ಸ್ ಮಾತ್ರ ಕಾಣುತ್ತೆ, ಆರ್‌ಸಿಸಿಬಿಗೆ ಸೋರಿಕೆ ಇಲ್ಲ. ಯಾರೂ ಬೀಳಲ್ಲ, ಸಾಕೆಟ್ ಕಂದು ತಿರುಗಿ ಸುಟ್ಟ ವಾಸನೆ ಬಂದ್ಮೇಲೇ ಗೊತ್ತಾಗೋದು. ಹೊಸದಾಗಿ ಎಳೆಯೋದಾದ್ರೆ 4 ಚದರ ಮಿ.ಮೀ. ಎಳೀರಿ, ತುದಿಗೆ ಪಿನ್ ಲಗ್ ಒತ್ತಿಸಿ, 20 ಆಂಪ್ಸ್ ಎಂಸಿಬಿ, ಪ್ಲಗ್ ಬದಲು ಡಬಲ್ ಪೋಲ್ ಸ್ವಿಚ್.

ಇನ್ನೊಂದು. ಬೋರ್ ನೀರಿನ ಗೀಸರ್‌ನಲ್ಲಿ ಎಲಿಮೆಂಟ್ ಮೇಲೆ ಸುಣ್ಣ ಕಟ್ಟಿ ಹೊದಿಕೆಗೆ ಸಣ್ಣ ತೂತು ಬೀಳುತ್ತೆ. ಗೀಸರ್ ಹಾಕಿದಾಗ ಮಾತ್ರ ಆರ್‌ಸಿಸಿಬಿ ಬಿದ್ರೆ ಮೊದಲ ಅನುಮಾನ ಅಲ್ಲಿ.

ತುಂಗಾತೀರ
ಅಳೆದು ಆಯ್ತು. ಆರ್‌ಸಿಸಿಬಿ ಒಂಟಿಯಾಗಿ ನಿಲ್ಲುತ್ತೆ. ಐದು ನ್ಯೂಟ್ರಲ್ 5 ಮೆಗಾಓಮ್ ಮೇಲೆ. ಆರನೇದು, ಗೇಟ್ ಲೈಟು ಮತ್ತೆ ಕೊಟ್ಟಿಗೆಗೆ ಹೋಗೋದು, ಮೆಗ್ಗರ್‌ನಲ್ಲಿ ಸೊನ್ನೆ. ಮಲ್ಟಿಮೀಟರ್‌ನಲ್ಲಿ 60 ಓಮ್. ನ್ಯೂಟ್ರಲ್-ಅರ್ಥ್ ವೋಲ್ಟೇಜ್ ಬೆಳಗ್ಗೆ ಏಳಕ್ಕೆ 4.2, ಮಧ್ಯಾಹ್ನ 1.3.

ಓಮ್‌ಕಾರ
ನಿಮ್ಮ ಗುಂಡಿ 35 ಓಮ್ ಅಂತಿಟ್ಕೊಂಡ್ರೆ ಒಟ್ಟು ಸುತ್ತು 95. ಬೆಳಗ್ಗೆ 4.2 ÷ 95 = 44 ಮಿಲಿಆಂಪ್ಸ್, ಬೀಳಲೇಬೇಕು. ಮಧ್ಯಾಹ್ನ 1.3 ÷ 95 = 14ರ ಒಳಗೆ, ನಿಲ್ಲುತ್ತೆ. 100ರದ್ದು ಹಾಕಿದ್ರೂ ಬೀಳೋದು ನಿಲ್ಲುತ್ತಿತ್ತು, ಕೊಟ್ಟಿಗೆಯ ದೋಷ ಹಾಗೇ ಇರುತ್ತಿತ್ತು. ಇವತ್ತು ನ್ಯೂಟ್ರಲ್ ತಾಗಿದೆ, ಅದೇ ಒದ್ದೆ ಡಬ್ಬಿಯಲ್ಲಿ ನಾಳೆ ಫೇಸು.

ಎರೆಭೂಮಿ
ಕೊಟ್ಟಿಗಿ ಅಂದ್ರ ಮದ್ಲ ಅದನ್ನ ಬಿಚ್ಚಿಡ್ರಿ. ದನಕ್ಕ ನಮಗಿಂತ ಕಮ್ಮಿ ವೋಲ್ಟಿಗೇ ಹೊಡೀತದ. ಮುಂದಿನ ಕಾಲು ಹಿಂದಿನ ಕಾಲಿನ ನಡುವ ಅಂತರ ಜಾಸ್ತಿ, ಗೊರಸು ಒದ್ದಿ, ಗಂಜಲದಾಗ ನಿಂತಿರ್ತಾವ, ಕರೆಂಟು ಎದಿ ಹಾದ ಹೋಗಬೇಕು. ದನ ನೀರು ಕುಡ್ಯಾಕ ಹಿಂಜರಿದ್ರ, ಹಾಲು ಇಳಿಸಲಿಲ್ಲಂದ್ರ ಡಾಕ್ಟರ್ ಜೋಡಿ ವೈರ್‌ಮನ್‌ನೂ ಕರೀರಿ.

ಕಡಲತಡಿ
ಕೊಟ್ಟಿಗೆಗೆ ವೈರ್ ಹೇಗೆ ಹೋಗಿದೆ? ಜಿಐ ತಂತಿಗೆ ಸುತ್ತಿ ಎಳೆದದ್ದಾದ್ರೆ ಆ ತಂತಿಯಲ್ಲಿ ಬಟ್ಟೆ ಒಣಗಿಸುವುದು ಬೇಡವೇ ಬೇಡ. ತಂತಿಗೆ ಉಜ್ಜಿ ಉಜ್ಜಿ ಇನ್ಸುಲೇಶನ್ ಹೋಗಿರ್ತದೆ, ಒದ್ದೆ ಸೀರೆ ಹಾಕಿದವರಿಗೆ ಹೊಡೀತದೆ.

ತುಂಗಾತೀರ
ಜಿಐ ತಂತಿಯೇ. ಬಟ್ಟೆ ಒಣಹಾಕೋದೂ ಹೌದು. ಬಿಚ್ಚಿಟ್ಟಿದ್ದೀವಿ. ಹೊಸದಾಗಿ ಹೇಗೆ ಮಾಡಿಸೋದು? ಮನೆಯಿಂದ ಹದಿನೈದು ಮೀಟರ್. ಅಲ್ಲಿ ಎರಡು ಬಲ್ಬು, ಹುಲ್ಲು ಕತ್ತರಿಸೋ ಒಂದು ಮೋಟರು, 1 ಎಚ್‌ಪಿ.

ಮೆಗ್ಗರ್ ಮಾಮ
ನೆಲದಡಿ ಹೋಗಿ. 2.5 ಚದರ ಮಿ.ಮೀ. ಮೂರು ಕೋರ್ ಆರ್ಮರ್ಡ್ (ಲೋಹದ ಕವಚದ) ಕೇಬಲ್, ಮುಕ್ಕಾಲು ಮೀಟರ್ ಆಳದ ಚರಂಡಿ, ಕೆಳಗೂ ಮೇಲೂ ಮರಳು, ಅದರ ಮೇಲೆ ಇಟ್ಟಿಗೆ ಸಾಲು. ಗುದ್ದಲಿ ಮೊದಲು ಇಟ್ಟಿಗೆಗೆ ತಾಗಬೇಕು. ಎರಡೂ ತುದಿಯಲ್ಲಿ ಗ್ಲ್ಯಾಂಡ್ ಹಾಕಿಸಿ, ಆರ್ಮರನ್ನ ಅರ್ಥ್‌ಗೆ ಸೇರಿಸಿ. ಕೊಟ್ಟಿಗೆಯಲ್ಲಿ ನೀರು, ಧೂಳು ಒಳಹೋಗದ ಐಪಿ 65 ಡಬ್ಬಿಗಳೇ ಆಗಬೇಕು, ಗಂಜಲದ ಅಮೋನಿಯಾ ಸಾದಾ ಡಬ್ಬಿಯ ಹಿತ್ತಾಳೆ ತಿರುಪನ್ನ ಹಸಿರು ಮಾಡಿ ತಿಂದುಹಾಕುತ್ತೆ. ವೈರ್ ಡಬ್ಬಿಯ ಕೆಳಗಿನಿಂದಲೇ ಒಳಹೋಗಲಿ, ಹೋಗೋ ಮುಂಚೆ ಒಂದು ಬಾಗು ಕೊಡಿ, ನೀರು ಅಲ್ಲಿಂದ ತೊಟ್ಟಿಕ್ಕಿ ಹೋಗುತ್ತೆ. ಸ್ವಿಚ್ಚು ದನದ ನಾಲಗೆಗೂ ಕೊಂಬಿಗೂ ಸಿಗದ ಎತ್ತರದಲ್ಲಿ, ಆದಷ್ಟು ಹೊರಗಡೆ. ದನ ಕಟ್ಟೋ ಕಬ್ಬಿಣದ ಪೈಪು, ನೀರಿನ ಪೈಪು ಎಲ್ಲವನ್ನೂ ಒಂದಕ್ಕೊಂದು ಸೇರಿಸಿ ಅರ್ಥ್‌ಗೆ ಕೊಡಿ.

ಹಳೇಬೇರು
ಇಷ್ಟೆಲ್ಲ ಮಾಡೋ ಬದಲು ಕೊಟ್ಟಿಗೆಗೆ ಸೋಲಾರ್ ಲೈಟ್ ಹಾಕಿ.

ಮೆಗ್ಗರ್ ಮಾಮ
ಹುಲ್ಲು ಕತ್ತರಿಸೋ ಮೋಟರ್‌ಗೆ?

ತುಂಗಾತೀರ
ಎಲೆಕ್ಟ್ರಿಷಿಯನ್ ಈ ಸರ್ಕ್ಯೂಟಿಗೆ ಬೇರೆ ಆರ್‌ಸಿಬಿಒ (ಆರ್‌ಸಿಸಿಬಿ, ಎಂಸಿಬಿ ಎರಡೂ ಒಂದರಲ್ಲೇ) ಹಾಕ್ತೀನಿ, ಕೊಟ್ಟಿಗೆಯಲ್ಲಿ ಏನಾದ್ರೂ ಆದ್ರೆ ಮನೆ ಕತ್ತಲಾಗಲ್ಲ ಅಂತಿದ್ದಾರೆ. ಡಿಬಿಯಲ್ಲಿ ಎರಡು ಮಾಡ್ಯೂಲ್ ಜಾಗ ಇಲ್ಲ.

ಓಮ್‌ಕಾರ
ಪಕ್ಕಕ್ಕೆ ನಾಲ್ಕು ಮಾಡ್ಯೂಲಿನ ಸಣ್ಣ ಡಬ್ಬಿ ಹಾಕಿಸಿ. ಎರಡು ಪೋಲಿನದ್ದೇ ಇರಲಿ, 16 ಆಂಪ್ಸ್ ಸಿ ಕರ್ವ್, 30 ಮಿಲಿಆಂಪ್ಸ್, ಎ ಟೈಪ್. ಅದಕ್ಕೆ ಸಪ್ಲೈ ಮೇನ್ ಸ್ವಿಚ್ ಆದ್ಮೇಲೆ, ಮನೆಯ ಆರ್‌ಸಿಸಿಬಿಗಿಂತ ಮುಂಚೆ ತೆಗೀಬೇಕು, ಫೇಸು ನ್ಯೂಟ್ರಲ್ ಎರಡೂ. ಆರ್‌ಸಿಸಿಬಿ ಆದ್ಮೇಲೆ ತೆಗೆದ್ರೆ ಯಾವುದು ಮೊದಲು ಬೀಳುತ್ತೆ ಅಂತ ಹೇಳೋಕಾಗಲ್ಲ, ಎರಡೂ ಬೀಳಬಹುದು. ಆರ್‌ಸಿಬಿಒ ಕೆಳಗಿನ ನ್ಯೂಟ್ರಲ್ ನೇರ ಕೊಟ್ಟಿಗೆಗೇ ಹೋಗಲಿ. ಹಳೇ ಅಭ್ಯಾಸದಲ್ಲಿ ಮನೆಯ ನ್ಯೂಟ್ರಲ್ ಬಾರ್‌ಗೆ ಸೇರಿಸಿಬಿಟ್ರೆ ಬಲ್ಬ್ ಹಾಕಿದ ಕೂಡಲೇ ಎರಡೂ ಬೀಳುತ್ತೆ, ಮತ್ತೆ ನಿಮ್ಮ ಎಲೆಕ್ಟ್ರಿಷಿಯನ್ ಡೈರೆಕ್ಟ್ ಕೊಡ್ತೀನಿ ಅಂತಾರೆ.